ನಿಂತ ಕಾರಿನ ಬ್ಯಾಟರಿಯನ್ನು ಚಳಿಗಾಲ ದಾಟಿಸುವುದು ಹೇಗೆ?

ಪ್ರಶ್ನೆ: ನನ್ನ ಹತ್ತಿರ ಎರಡು ಕಾರುಗಳಿವೆ. ಒಂದನ್ನು ಚಳಿಗಾಲದ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸಿಬಿಡುತ್ತೇನೆ. ಅದರದು 60 ಆಂಪಿಯರ್-ಅವರ್ ಬ್ಯಾಟರಿ. ಕಳೆದ ನಾಲ್ಕು ವರ್ಷಗಳಲ್ಲಿ ಎರಡು ಬ್ಯಾಟರಿ ಹಾಳಾದವು. ಹಾಗಂತ ನಾನು ಕಾರನ್ನು ಮರೆತು ಕೂತವನಲ್ಲ, ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಚಾಲೂ ಇಡುತ್ತಿದ್ದೆ. ಈಗ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಮೇಂಟೆನೆನ್ಸ್ ಚಾರ್ಜರ್ ಹಾಕಿಡು ಅಂತ ಗೆಳೆಯ ಹೇಳುತ್ತಾನೆ. ನಾಲ್ಕು ತಿಂಗಳು ಕರೆಂಟಿಗೆ ಹಾಕಿಯೇ ಇಟ್ಟರೆ ಬ್ಯಾಟರಿ ಕುದಿದು ಹೋಗುವುದಿಲ್ಲವೇ? ಅದಕ್ಕಿಂತ ಬಿಚ್ಚಿ ಮನೆಯೊಳಗೆ ಇಡುವುದೇ ವಾಸಿ ಅಲ್ವಾ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಒಳ್ಳೆಯ ಮೇಂಟೆನೆನ್ಸ್ ಚಾರ್ಜರನ್ನು ನಾಲ್ಕು ತಿಂಗಳು ಹಾಕಿಯೇ ಇಡಬಹುದು, ತುಂಬಿದ ಬ್ಯಾಟರಿಯನ್ನು ತುಂಬಿಯೇ ಇಡುವುದಕ್ಕೆಂದೇ ಅದು ಇರುವುದು. ಆದರೆ ಸುಮ್ನೆ ಎರಡು ಕ್ಲಿಪ್ ಸಿಕ್ಕಿಸಿ ಬಾಗಿಲು ಹಾಕಿಕೊಂಡು ಹೋದರೆ ಸಾಲದು. ಅದಕ್ಕೂ ಮುಂಚೆ ಆ ಎರಡು ಬ್ಯಾಟರಿಗಳು ಯಾಕೆ ಹೋದವು ಅನ್ನುವುದು ನಿಮಗೆ ಗೊತ್ತಾಗಬೇಕು. ಇಲ್ಲದಿದ್ದರೆ ಮೂರನೆಯದಕ್ಕೂ ಅದೇ ಗತಿ.

ವಾರಕ್ಕೊಮ್ಮೆ ಹತ್ತು ನಿಮಿಷ ಚಾಲೂ ಮಾಡುವ ವಿಷಯದಿಂದಲೇ ಶುರು ಮಾಡೋಣ. ತುಂಬಾ ಜನ ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸ ಇದು. ಆದರೆ ಲೆಕ್ಕ ಹಾಕಿದರೆ ಕೂಡಿ ಬರುವುದಿಲ್ಲ.

ಕೀ ತೆಗೆದು ಬಾಗಿಲು ಹಾಕಿದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಅಲಾರಂ ಎಚ್ಚರ ಇರುತ್ತದೆ. ರಿಮೋಟ್ ಕೀಲಿಯ ರಿಸೀವರ್ ನಿಮ್ಮ ಬೆರಳಿಗಾಗಿ ಕಾಯುತ್ತಿರುತ್ತದೆ. ಗಡಿಯಾರ, ಎಂಜಿನ್ ಕಂಪ್ಯೂಟರಿನ ಮೆಮೊರಿ, ಎಲ್ಲಕ್ಕೂ ಒಂದಿಷ್ಟು ಕರೆಂಟ್ ಬೇಕು. ಇಂದಿನ ಕಾರುಗಳಲ್ಲಿ ಎಲ್ಲ ಸರಿಯಿದ್ದರೂ 20ರಿಂದ 50 ಮಿಲಿಆಂಪಿಯರ್ ಸದಾ ಹರಿಯುತ್ತಿರುತ್ತದೆ. ನಿಮ್ಮ ಕಾರಿಗೆ 40 ಅಂತ ಇಟ್ಟುಕೊಳ್ಳೋಣ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್, ಆ ಲೆಕ್ಕದಲ್ಲಿ ದಿನಕ್ಕೆ ಹೆಚ್ಚುಕಡಿಮೆ 1 ಆಂಪಿಯರ್-ಅವರ್ ಆಯಿತು. ವಾರಕ್ಕೆ 7. ತಿಂಗಳಿಗೆ 30, ಅಂದರೆ ನಿಮ್ಮ ಬ್ಯಾಟರಿಯ ಸರಿಯಾಗಿ ಅರ್ಧ.

ಈಗ ಜಮೆಯ ಕಡೆ ನೋಡಿ. ಸೆಲ್ಫ್ ಹೊಡೆಯುವುದಕ್ಕೇ ತುಂಬಾ ಚಾರ್ಜ್ ಹೋಗುತ್ತದೆ ಅಂತ ಜನ ತಿಳಿದಿದ್ದಾರೆ, ಅದು ಅಷ್ಟು ನಿಜವಲ್ಲ. 200 ಆಂಪಿಯರ್ ಮೂರು ಸೆಕೆಂಡ್ ಹರಿದರೂ 0.17 ಆಂಪಿಯರ್-ಅವರ್ ಮಾತ್ರ. ತೊಂದರೆ ಇರುವುದು ಆಮೇಲೆ. ಎಂಜಿನ್ ಐಡಲ್‌ನಲ್ಲಿ ಇದ್ದಾಗ, ಬ್ಯಾಟರಿಗೆ ಕರೆಂಟ್ ಹುಟ್ಟಿಸಿ ಕೊಡುವ ಆಲ್ಟರ್ನೇಟರ್ ಪೂರ್ತಿ ಶಕ್ತಿ ಕೊಡುವುದಿಲ್ಲ. ಕೊಟ್ಟಿದ್ದರಲ್ಲಿ ಹೀಟರ್ ಫ್ಯಾನು, ಹಿಂದಿನ ಗಾಜಿನ ಹೀಟರು, ದೀಪಗಳು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ತಣ್ಣಗಿರುವ ಬ್ಯಾಟರಿ ಚಾರ್ಜ್ ಹೀರುವುದೂ ನಿಧಾನ. ಧಾರಾಳವಾಗಿ 10 ಆಂಪಿಯರ್ ಒಳಗೆ ಹೋಯಿತು ಅಂದುಕೊಂಡರೂ, ಹತ್ತು ನಿಮಿಷಕ್ಕೆ ಸಿಗುವುದು 1.7 ಆಂಪಿಯರ್-ಅವರ್. ಸೆಲ್ಫಿನ ಖರ್ಚು ಕಳೆದರೆ ಒಂದೂವರೆ. ವಾರಕ್ಕೆ ಏಳು ಕೊಡ ಖರ್ಚು, ಒಂದೂವರೆ ಕೊಡ ಜಮೆ. ಹೀಗೆ ನಡೆದರೆ ಎರಡನೇ ತಿಂಗಳ ಹೊತ್ತಿಗೆ ಬ್ಯಾಟರಿಯಲ್ಲಿ ಉಳಿಯುವುದು ಅರೆಹೊಟ್ಟೆಗಿಂತ ಕಡಿಮೆ.

ಎಂಜಿನ್ನಿಗೂ ಇದರಿಂದ ಒಳ್ಳೆಯದಾಗುವುದಿಲ್ಲ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ಆಫ್ ಮಾಡಿದರೆ ಅದೇ ಆವಿ ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ನೀರಾಗಿ ಉಳಿಯುತ್ತದೆ. ಆದ್ದರಿಂದ ಆ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ. ವಾರಕ್ಕೊಮ್ಮೆ ರಸ್ತೆಗಿಳಿಸಿ ಅರ್ಧ ಮುಕ್ಕಾಲು ಗಂಟೆ ಓಡಿಸುತ್ತೀರಿ ಅಂದರೆ ಬೇರೆ ಮಾತು.

ಅರೆಹೊಟ್ಟೆಯಲ್ಲಿ ಇದ್ದರೆ ಏನಾಯಿತು, ಆಮೇಲೆ ಚಾರ್ಜ್ ಮಾಡಿಕೊಂಡರಾಯಿತಲ್ಲ ಅಂತ ಕೇಳಬಹುದು. ಮುಖ್ಯ ವಿಷಯ ಇರುವುದೇ ಇಲ್ಲಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ ಮತ್ತು ಆಸಿಡ್ಡಿನ ಬ್ಯಾಟರಿ ಕಂಡುಹಿಡಿದದ್ದು 1859ರಲ್ಲಿ. ಅಂದಿನಿಂದ ಡಬ್ಬ ಬದಲಾಗಿದೆ, ಪ್ಲೇಟು ಮಾಡುವ ರೀತಿ ಬದಲಾಗಿದೆ, ಒಳಗಿನ ರಸಾಯನ ಮಾತ್ರ ಅದೇ. ಬ್ಯಾಟರಿ ಖಾಲಿಯಾಗುತ್ತಾ ಹೋದಂತೆ ಆಸಿಡ್ಡಿನ ಸತ್ವ ಪ್ಲೇಟಿನೊಳಗೆ ಇಳಿದು, ಅಲ್ಲಿ ಸೀಸದ ಸಲ್ಫೇಟಿನ ಸಣ್ಣ ಹರಳುಗಳಾಗುತ್ತವೆ. ಬೇಗ ಚಾರ್ಜ್ ಮಾಡಿದರೆ ಅವು ಕರಗಿ ಮತ್ತೆ ಸೀಸವೂ ಆಸಿಡ್ಡೂ ಆಗುತ್ತವೆ. ವಾರಗಟ್ಟಲೆ ಹಾಗೇ ಬಿಟ್ಟರೆ ಚಿಕ್ಕ ಹರಳುಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ ಗಟ್ಟಿ ಕೂರುತ್ತವೆ. ಇದಕ್ಕೆ ಸಲ್ಫೇಷನ್ ಅಂತಾರೆ. ನೆಲದ ಮೇಲೆ ಬಿದ್ದ ಸಿಮೆಂಟು ಹಸಿ ಇರುವಾಗ ನೀರು ಹಾಕಿದರೆ ಹೋಗುತ್ತದೆ, ಒಣಗಿದ ಮೇಲೆ ಸುತ್ತಿಗೆ ಹಿಡಿದರೂ ಕಷ್ಟ. ಹಾಗೆಯೇ ಇದು. ಮುಚ್ಚಳ ಬಿಚ್ಚಬಹುದಾದ ಹಳೇ ಬ್ಯಾಟರಿಯೊಂದು ಸಿಕ್ಕಿದರೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಚೆನ್ನಾಗಿರುವ ಪ್ಲೇಟುಗಳಲ್ಲಿ ಒಂದು ಕಂದು, ಒಂದು ಬೂದು ಬಣ್ಣ ಇರುತ್ತದೆ. ಸಲ್ಫೇಷನ್ ಆದವುಗಳ ಮೇಲೆ ಗೋಡೆಗೆ ಲೋನ ಹಿಡಿದ ಹಾಗೆ ಬಿಳಿ ಪದರ ಕಾಣುತ್ತದೆ. ಆ ಬಿಳಿ ಇರುವ ಜಾಗ ಇನ್ನು ಕರೆಂಟ್ ಕೊಡುವುದಿಲ್ಲ. ನಿಮ್ಮ ಎರಡೂ ಬ್ಯಾಟರಿ ಹೀಗೇ ಹೋಗಿರಬೇಕು ಅಂತ ನನ್ನ ಅಂದಾಜು.

ಹಾಗಾದರೆ ಚಳಿಯ ಪಾತ್ರ ಏನು? ಪೂರ್ತಿ ಚಾರ್ಜ್ ಇರುವ ಬ್ಯಾಟರಿಗೆ ಚಳಿ ಒಂದು ರೀತಿಯಲ್ಲಿ ಒಳ್ಳೆಯದೇ. ಬ್ಯಾಟರಿ ತನ್ನಷ್ಟಕ್ಕೆ ತಾನೇ ಖಾಲಿಯಾಗುವ ವೇಗ ಪ್ರತಿ 10 ಡಿಗ್ರಿ ಇಳಿದರೆ ಸುಮಾರು ಅರ್ಧವಾಗುತ್ತದೆ. ಖಾಲಿ ಬ್ಯಾಟರಿಗೆ ಮಾತ್ರ ಚಳಿ ಯಮ. ಚಾರ್ಜ್ ಪೂರ್ತಿ ಇದ್ದಾಗ ಒಳಗಿನ ಆಸಿಡ್ಡಿನಲ್ಲಿ ನೀರಿನ ಪಾಲು ಕಡಿಮೆ ಇರುತ್ತದೆ, ಅದು ಹೆಪ್ಪುಗಟ್ಟಬೇಕಾದರೆ ಮೈನಸ್ 60 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಹೋಗಬೇಕು. ಅರ್ಧ ಖಾಲಿಯಾದಾಗ ಮೈನಸ್ 25ರ ಹತ್ತಿರ. ಪೂರ್ತಿ ಖಾಲಿಯಾದಾಗ ಉಳಿಯುವುದು ಹೆಚ್ಚುಕಡಿಮೆ ನೀರು, ಮೈನಸ್ 7ಕ್ಕೇ ಮಂಜುಗಡ್ಡೆ. ಮಂಜುಗಡ್ಡೆ ಹಿಗ್ಗಿ ಪ್ಲೇಟು ಬಗ್ಗಿಸುತ್ತದೆ, ಡಬ್ಬ ಸೀಳುತ್ತದೆ. ಪಕ್ಕಗಳು ಉಬ್ಬಿದ ಬ್ಯಾಟರಿ ಕಂಡರೆ ಚಾರ್ಜರ್ ಹಾಕಬೇಡಿ, ಬೇರೆ ಕಾರಿನ ಬ್ಯಾಟರಿಯಿಂದ ಜಂಪ್ ಕೂಡ ಕೊಡಬೇಡಿ. ಹೆಪ್ಪುಗಟ್ಟಿದ ಬ್ಯಾಟರಿಗೆ ಕರೆಂಟ್ ಕೊಟ್ಟರೆ ಒಡೆದು ಆಸಿಡ್ ಮುಖಕ್ಕೆ ಹಾರಬಹುದು.

ಅಂದರೆ ನೀವು ಮಾಡಬೇಕಾದದ್ದು ಒಂದೇ. ನಾಲ್ಕು ತಿಂಗಳೂ ಅದನ್ನು ತುಂಬಿದ ಸ್ಥಿತಿಯಲ್ಲೇ ಇಡಬೇಕು. ಸೋರುವ ಬಿಂದಿಗೆಗೆ ಸೋರಿದಷ್ಟೇ ನೀರನ್ನು ಹನಿಹನಿಯಾಗಿ ಹಾಕುತ್ತಾ ಇರುವ ಕೆಲಸ ಅದು. ಮೇಂಟೆನೆನ್ಸ್ ಚಾರ್ಜರ್ ಮಾಡುವುದು ಇದನ್ನೇ.

ಕುದಿದು ಹೋಗುತ್ತದೆ ಅನ್ನುವ ನಿಮ್ಮ ಭಯಕ್ಕೂ ಕಾರಣ ಇದೆ. ಹಳೇ ಕಾಲದ ಟ್ರಿಕಲ್ ಚಾರ್ಜರುಗಳು ನಿಜವಾಗಿಯೂ ಕುದಿಸುತ್ತಿದ್ದವು. ಅವುಗಳಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಒಂದೆರಡು ಡಯೋಡು, ಅಷ್ಟೆ. ಬ್ಯಾಟರಿ ತುಂಬಿದೆಯೋ ಇಲ್ಲವೋ ಅಂತ ನೋಡುವ ಬುದ್ಧಿ ಅದಕ್ಕಿರಲಿಲ್ಲ. ತುಂಬಿದ ಮೇಲೂ ಕರೆಂಟ್ ತಳ್ಳುತ್ತಲೇ ಇದ್ದರೆ ಒಳಗಿನ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆದು ಗುಳ್ಳೆ ಏಳುತ್ತದೆ. ಕಾರಿನ ಬ್ಯಾಟರಿಯೊಳಗೆ ಆರು ಸೆಲ್, ಅಂದರೆ ಆರು ಮನೆಗಳು ಸಾಲಾಗಿರುತ್ತವೆ; ಸೆಲ್ಲಿಗೆ 2.4 ವೋಲ್ಟ್, ಆರಕ್ಕೂ ಸೇರಿ 14.4 ವೋಲ್ಟ್ ದಾಟಿದರೆ ಇದು ಜೋರಾಗುತ್ತದೆ. ತಿಂಗಳುಗಟ್ಟಲೆ ಹೀಗಾದರೆ ನೀರು ಇಳಿದು ಪ್ಲೇಟಿನ ತಲೆ ಒಣಗುತ್ತದೆ. ನಿಮ್ಮ ಶೆಡ್ಡಿನಲ್ಲಿ ಅಂಥ ಹಳೇ ಚಾರ್ಜರ್ ಇದ್ದರೆ ಅದನ್ನು ಈ ಕೆಲಸಕ್ಕೆ ಖಂಡಿತ ಬಳಸಬೇಡಿ.

ಈಗಿನ ಮೇಂಟೆನೆನ್ಸ್ ಚಾರ್ಜರ್ ಹಂತ ಹಂತವಾಗಿ ನಡೆಯುತ್ತದೆ. ಮೊದಲು ತನ್ನ ಪೂರ್ತಿ ಕರೆಂಟ್ ಕೊಟ್ಟು ವೋಲ್ಟೇಜನ್ನು 14.4ರ ಹತ್ತಿರ ತರುತ್ತದೆ. ಅಲ್ಲೇ ಹಿಡಿದು ನಿಂತು, ಬ್ಯಾಟರಿ ಎಳೆಯುವ ಕರೆಂಟ್ ತಾನಾಗಿ ಇಳಿಯುವವರೆಗೆ ಕಾಯುತ್ತದೆ. ಆಮೇಲೆ 13.2ರಿಂದ 13.8 ವೋಲ್ಟಿನೊಳಗೆ ಒಂದು ಕಡೆ ಇಳಿದು ನಿಲ್ಲುತ್ತದೆ. ಈ ಕೊನೆಯ ಹಂತಕ್ಕೆ ಫ್ಲೋಟ್ ಅಂತ ಹೆಸರು. ಅಲ್ಲಿ ಗುಳ್ಳೆ ಏಳುವುದು ನಾಮಮಾತ್ರ, ಸೋರುವಿಕೆ ಮಾತ್ರ ತುಂಬುತ್ತಿರುತ್ತದೆ. ಕೆಲವು ಚಾರ್ಜರುಗಳು ಫ್ಲೋಟ್ ಬದಲು ಪೂರ್ತಿ ನಿಂತುಬಿಟ್ಟು, ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದಾಗ ಮತ್ತೆ ಶುರುವಾಗುತ್ತವೆ. ಎರಡೂ ರೀತಿ ಸರಿಯೇ. ಕೊಳ್ಳುವಾಗ ಡಬ್ಬದ ಮೇಲೆ ಫ್ಲೋಟ್ ಅಥವಾ ಮೇಂಟೆನೆನ್ಸ್ ಹಂತ ಇದೆ ಅಂತ ಸ್ಪಷ್ಟವಾಗಿ ಬರೆದಿದೆಯೇ ನೋಡಿ. ಬರೀ "ಆಟೋಮ್ಯಾಟಿಕ್" ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಉಷ್ಣತೆಗೆ ತಕ್ಕಂತೆ ವೋಲ್ಟೇಜ್ ಬದಲಿಸುವ ಚಾರ್ಜರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ತಣ್ಣಗಿನ ಬ್ಯಾಟರಿಗೆ ಸ್ವಲ್ಪ ಜಾಸ್ತಿ ವೋಲ್ಟೇಜ್ ಬೇಕು, ಡಿಗ್ರಿಗೆ ಸುಮಾರು 20 ಮಿಲಿವೋಲ್ಟ್. 25 ಡಿಗ್ರಿಯಲ್ಲಿ ಸಾಕಾಗುವುದಕ್ಕಿಂತ ಸೊನ್ನೆ ಡಿಗ್ರಿಯಲ್ಲಿ ಅರ್ಧ ವೋಲ್ಟ್ ಹೆಚ್ಚು ಬೇಕಾಗುತ್ತದೆ. ಈ ಸೌಲಭ್ಯ ಇಲ್ಲದಿದ್ದರೂ ಫ್ಲೋಟ್‌ನಲ್ಲಿ ದೊಡ್ಡ ನಷ್ಟವಿಲ್ಲ, ಯಾಕೆಂದರೆ ಚಳಿಯಲ್ಲಿ ಸೋರುವಿಕೆಯೂ ಕಡಿಮೆ.

ಎಷ್ಟು ಆಂಪಿಯರಿನದು ಬೇಕು ಅಂತ ಎಲ್ಲರೂ ಕೇಳುತ್ತಾರೆ. ತುಂಬಿದ ಬ್ಯಾಟರಿಯನ್ನು ತುಂಬಿಯೇ ಇಡಲು 1 ಆಂಪಿಯರ್ ಧಾರಾಳ ಸಾಕು. ಖಾಲಿಯಾದದ್ದನ್ನು ತುಂಬಿಸಲು ಅದು ಸಾಲದು. ಅರ್ಧ ಖಾಲಿಯಾದ ನಿಮ್ಮ ಬ್ಯಾಟರಿಗೆ 30 ಆಂಪಿಯರ್-ಅವರ್ ಬೇಕು. 1 ಆಂಪಿಯರಿನದು ಎರಡು ದಿನ ತೆಗೆದುಕೊಳ್ಳುತ್ತದೆ, ನಡುವೆ ಸಮಯದ ಮಿತಿ ಮುಗಿದು ಕೆಂಪು ದೀಪ ತೋರಿಸಿ ನಿಲ್ಲಲೂಬಹುದು. 4 ಅಥವಾ 5 ಆಂಪಿಯರಿನದು ಎರಡೂ ಕೆಲಸಕ್ಕೆ ಆಗುತ್ತದೆ. ನಾನಾದರೆ ಅದನ್ನೇ ತೆಗೆದುಕೊಳ್ಳುತ್ತೇನೆ. ಇನ್ನೊಂದು ಮಾತು, ಬ್ಯಾಟರಿ ಪೂರ್ತಿ ಸತ್ತಿದ್ದರೆ ಬಹಳಷ್ಟು ಚಾರ್ಜರುಗಳು ಅದನ್ನು ಗುರುತಿಸುವುದೇ ಇಲ್ಲ. ಚಾರ್ಜರ್ ಕೆಟ್ಟಿದೆ ಅಂತ ಜನ ವಾಪಸ್ ಕೊಡಲು ಹೋಗುತ್ತಾರೆ.

ಬ್ಯಾಟರಿಯ ಜಾತಿ ನೋಡದೆ ಚಾರ್ಜರ್ ಹಾಕಬೇಡಿ. ಮೇಲಿನ ಲೇಬಲ್ಲಿನಲ್ಲಿ ಬರೆದಿರುತ್ತದೆ. ಮಾಮೂಲಿ ನೀರಿನ ಬ್ಯಾಟರಿಗೆ ಮಾಮೂಲಿ ಮೋಡ್. ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿ ಹಿಡಿದಿರುವ ಎಜಿಎಂ ಬ್ಯಾಟರಿ ಇದ್ದರೆ ಎಜಿಎಂ ಮೋಡ್, ಅದು 14.4ರಿಂದ 14.8ರವರೆಗೆ ಹೋಗುತ್ತದೆ. ಜೆಲ್ ಬ್ಯಾಟರಿಗೆ 14.2ರ ಆಸುಪಾಸೇ ಮಿತಿ, ಅದರ ಮೇಲೆ ಹೋದರೆ ಒಳಗಿನ ಜೆಲ್‌ನಲ್ಲಿ ಗುಳ್ಳೆ ಸಿಕ್ಕಿಕೊಂಡು ಹಾಳಾಗುತ್ತದೆ. ಲಿಥಿಯಂ ಬ್ಯಾಟರಿಯ ದಾರಿಯೇ ಬೇರೆ. ಅದಕ್ಕೆ ಅದರದೇ ಚಾರ್ಜರ್ ಬೇಕು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು. ಇನ್ನು ಕೆಲವು ಚಾರ್ಜರುಗಳಲ್ಲಿ ರಿಪೇರಿ ಅಥವಾ ರಿಕಂಡಿಷನ್ ಅಂತ ಒಂದು ಬಟನ್ ಇರುತ್ತದೆ. ಅದು ವೋಲ್ಟೇಜನ್ನು 15ರ ಮೇಲೆ, ಕೆಲವೊಮ್ಮೆ 16ರ ಹತ್ತಿರ ತೆಗೆದುಕೊಂಡು ಹೋಗುತ್ತದೆ. ಕಾರಿಗೆ ಸೇರಿಸಿಯೇ ಇರುವ ಬ್ಯಾಟರಿಗೆ ಆ ಬಟನ್ ಒತ್ತಬೇಡಿ, ಕಂಪ್ಯೂಟರುಗಳಿಗೆ ಪೆಟ್ಟು ಬೀಳಬಹುದು. ಗಟ್ಟಿ ಕೂತ ಸಲ್ಫೇಷನ್ನನ್ನು ಆ ಬಟನ್ ಬಿಡಿಸುತ್ತದೆ ಅನ್ನುವ ಆಸೆಯೂ ಜಾಸ್ತಿ ಬೇಡ.

ಈಗ ಕೆಲಸಕ್ಕೆ ಬರೋಣ. ಕಾರು ನಿಲ್ಲಿಸುವ ದಿನವೇ ಇದನ್ನೆಲ್ಲ ಮಾಡಿ. ಒಂದು ತಿಂಗಳು ಬಿಟ್ಟು ನೆನಪಾದಾಗ ಹಾಕಿದರೆ ಅರ್ಧ ಹಾನಿ ಆಗಿ ಹೋಗಿರುತ್ತದೆ.

ಮೊದಲು ಬ್ಯಾಟರಿಯ ತಲೆ ಒರೆಸಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ನನಗೆ ಇದು ತುಂಬಾ ಮುಖ್ಯ. ಮಲ್ಟಿಮೀಟರ್ ಇದ್ದರೆ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಕಪ್ಪು ಕಡ್ಡಿಯನ್ನು ನೆಗೆಟಿವ್ ಟರ್ಮಿನಲ್ಲಿಗೆ ಮುಟ್ಟಿಸಿ. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ತಲೆಯ ಮೇಲೆ, ಧೂಳು ಕೂತ ಜಾಗದಲ್ಲಿ ಮೆಲ್ಲಗೆ ಎಳೆಯಿರಿ. ಬರೀ ಪ್ಲಾಸ್ಟಿಕ್, ಏನೂ ತೋರಿಸಬಾರದು ಅಲ್ವಾ? ಕೊಳಕಾದ ಬ್ಯಾಟರಿಯಲ್ಲಿ ಅರ್ಧ ವೋಲ್ಟ್, ಒಂದು ವೋಲ್ಟ್, ಪಾಸಿಟಿವ್ ಕಡೆ ಹೋದಂತೆ ಇನ್ನೂ ಜಾಸ್ತಿ ತೋರಿಸುತ್ತದೆ. ಆಸಿಡ್ ಮಂಜು, ಧೂಳು, ತೇವ ಸೇರಿ ಒಂದು ಪದರವಾಗಿ, ಅದರ ಮೂಲಕ ಹಗಲೂ ರಾತ್ರಿ ಚಾರ್ಜ್ ಸೋರುತ್ತಿದೆ ಅಂತ ಅದರ ಅರ್ಥ. ಒಂದು ಮಗ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಆಸಿಡ್ ಇದ್ದಲ್ಲಿ ಸಣ್ಣಗೆ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಬರೀ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ. ಸೋಡಾ ನೀರು ಸೆಲ್ಲಿನೊಳಗೆ ಒಂದು ಹನಿಯೂ ಹೋಗಬಾರದು, ಮುಚ್ಚಳಗಳು ಬಿಗಿಯಾಗಿರಲಿ. ಟರ್ಮಿನಲ್ಲಿನ ಬಿಳಿ ಹಸಿರು ಪುಡಿಯನ್ನು ಬ್ರಷ್‌ನಿಂದ ತೆಗೆದು, ಕ್ಲ್ಯಾಂಪ್ ಬಿಗಿ ಮಾಡಿದ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಮುಚ್ಚಳ ಬಿಚ್ಚಬಹುದಾದ ಬ್ಯಾಟರಿಯಾದರೆ ನೀರು ನೋಡಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಬೇಡ. ಪ್ಲೇಟು ಮುಳುಗಿದ್ದರೆ ಚಾರ್ಜ್ ಆದ ಮೇಲೆಯೇ ಗುರುತಿನವರೆಗೆ ತುಂಬಿ. ಪ್ಲೇಟಿನ ತಲೆ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಈಗ ಹಾಕಿ, ಉಳಿದದ್ದು ಆಮೇಲೆ. ಚಾರ್ಜ್ ಆಗುವಾಗ ಮಟ್ಟ ಏರುತ್ತದೆ, ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಈಗಷ್ಟೇ ಒರೆಸಿದ ತಲೆಯ ಮೇಲೆ ಹರಿಯುತ್ತದೆ.

ಆಮೇಲೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ನೆಗೆಟಿವ್ ಕೇಬಲ್ ಬಿಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮಲ್ಟಿಮೀಟರಿನಲ್ಲಿ ಅಳೆಯಿರಿ. ಚಾರ್ಜರ್ ತೆಗೆದ ಕೂಡಲೇ ಅಳೆದರೆ 13ರ ಮೇಲೆ ತೋರಿಸಿ ಮೋಸ ಮಾಡುತ್ತದೆ, ಅದು ಮೇಲ್ಮೈಯ ಚಾರ್ಜ್ ಮಾತ್ರ. ಒಂದು ಸೆಲ್ಲಿಗೆ 2.1 ವೋಲ್ಟ್, ಆರು ಸೆಲ್ಲಿಗೆ 12.6. ಬೆಳಗ್ಗೆ 12.6ರಿಂದ 12.7 ಇದ್ದರೆ ಬ್ಯಾಟರಿ ತುಂಬಿದೆ. ಎಜಿಎಂ ಆದರೆ 12.8ರ ಮೇಲಿರಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲು ಭಾಗ. ನೋಡಿ, ತುಂಬಿದ್ದಕ್ಕೂ ಅರ್ಧಕ್ಕೂ ನಡುವೆ ಇರುವುದು ಅರ್ಧ ವೋಲ್ಟಿಗಿಂತ ಕಡಿಮೆ. 12 ವೋಲ್ಟ್ ಇದೆಯಲ್ಲ, ಸಾಕು ಅಂತ ಸಮಾಧಾನ ಪಟ್ಟವರ ಬ್ಯಾಟರಿಗಳೇ ಜಾಸ್ತಿ ಸಾಯುವುದು.

ಈ ಒಂದು ರಾತ್ರಿಯ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ನಿಮ್ಮದು ಹೊಸ ಬ್ಯಾಟರಿ, ತೊಂದರೆ ಬರಲಿಕ್ಕಿಲ್ಲ. ಆದರೆ ಹಳೇ ಬ್ಯಾಟರಿ ಇರುವವರಿಗೆ ಇದು ಜೀವದ ಪ್ರಶ್ನೆ. ಪೂರ್ತಿ ಚಾರ್ಜ್ ಆದದ್ದು ಬೆಳಗ್ಗೆ 12.4ಕ್ಕಿಂತ ಕೆಳಗೆ ಬಂದರೆ ಒಳಗೆ ಯಾವುದೋ ಸೆಲ್ ಸೋಲುತ್ತಿದೆ. 10.5ರ ಹತ್ತಿರ ನಿಂತರೆ ಒಂದು ಸೆಲ್ ಪೂರ್ತಿ ಶಾರ್ಟ್ ಆಗಿದೆ. ಅಂಥ ಬ್ಯಾಟರಿಗೆ ಚಾರ್ಜರ್ ಹಾಕಿಟ್ಟು ಹೋದರೆ ಏನಾಗುತ್ತದೆ? ಫ್ಲೋಟ್‌ನ 13.6 ವೋಲ್ಟ್ ಆರು ಸೆಲ್ಲಿಗೆ ಬದಲು ಐದು ಸೆಲ್ಲಿಗೆ ಹಂಚಿಕೆಯಾಗುತ್ತದೆ. ಒಂದೊಂದಕ್ಕೂ 2.7 ವೋಲ್ಟ್. ಗುಳ್ಳೆ ಏಳಲು 2.4 ಸಾಕು ಅಂತ ಮೇಲೆ ಹೇಳಿದೆನಲ್ಲ. ಹಗಲೂ ರಾತ್ರಿ ಕುದಿಯುತ್ತದೆ, ಕಾಯುತ್ತದೆ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಇಂಥದ್ದೊಂದನ್ನು ಅಳೆಯದೆ ಚಾರ್ಜಿಗೆ ಇಟ್ಟು ಎರಡು ದಿನ ಬಿಟ್ಟಿದ್ದೆ. ಬಾಗಿಲು ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಡಬ್ಬದ ಪಕ್ಕ ಕೈ ಇಡಲಾಗದಷ್ಟು ಕಾದಿತ್ತು. ಗೋಡೆಯ ಸ್ವಿಚ್ ಆರಿಸಿ, ಬಾಗಿಲೆಲ್ಲ ತೆರೆದಿಟ್ಟು, ಅದು ತಣ್ಣಗಾಗುವವರೆಗೆ ಹತ್ತಿರ ಹೋಗಲಿಲ್ಲ. ಅಂದಿನಿಂದ ಅಳೆಯದೆ ಯಾವ ಬ್ಯಾಟರಿಗೂ ಚಾರ್ಜರ್ ಹಾಕಿಟ್ಟು ಹೋಗಿಲ್ಲ. ಚಾರ್ಜರುಗಳು ಇಂಥದ್ದನ್ನು ಕಂಡುಹಿಡಿದು ನಿಲ್ಲುತ್ತವೆ ಅಂತ ಹೇಳುತ್ತಾರೆ, ಒಳ್ಳೆಯವು ನಿಲ್ಲುತ್ತವೆ ಕೂಡ. ಆದರೂ ಮೀಟರ್ ಹಿಡಿಯುವ ಎರಡು ನಿಮಿಷದ ಕೆಲಸವನ್ನು ಅದರ ಮೇಲೆ ಹಾಕಬೇಡಿ.

ಜೋಡಿಸುವ ಕ್ರಮ ಸುಲಭ. ಅಳೆಯಲು ಬಿಚ್ಚಿದ್ದ ನೆಗೆಟಿವ್ ಕೇಬಲ್ಲನ್ನು ಮತ್ತೆ ಸೇರಿಸಿಕೊಳ್ಳಿ. ಗೋಡೆಯ ಪ್ಲಗ್ ಹಾಕದೆ ಮೊದಲು ಕೆಂಪು ಕ್ಲಿಪ್ಪನ್ನು ಪಾಸಿಟಿವ್ ಟರ್ಮಿನಲ್ಲಿಗೆ ಹಾಕಿ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ಸ್ವಲ್ಪ ದೂರದಲ್ಲಿ ಬಣ್ಣ ಇಲ್ಲದ ಬಾಡಿಯ ಲೋಹಕ್ಕೆ ಹಾಕಿ. ಕೊನೆಗೆ ಗೋಡೆಯ ಪ್ಲಗ್. ತೆಗೆಯುವಾಗ ಇದರ ಉಲ್ಟಾ. ಕಪ್ಪನ್ನು ಬಾಡಿಗೆ ಹಾಕಲು ಎರಡು ಕಾರಣ ಇವೆ. ಕಿಡಿ ಹಾರಿದರೂ ಬ್ಯಾಟರಿಯ ಮೇಲೆ ಹಾರುವುದಿಲ್ಲ. ಎರಡನೆಯದು, ಈಗಿನ ಎಷ್ಟೋ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ಲಿನ ಮೇಲೆ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ಒಳಗೆ ಹೋದ, ಹೊರಗೆ ಬಂದ ಕರೆಂಟಿನ ಲೆಕ್ಕ ಇಡುವುದು ಅದರ ಕೆಲಸ. ನೇರ ಟರ್ಮಿನಲ್ಲಿಗೇ ಕ್ಲಿಪ್ ಹಾಕಿದರೆ ಆ ಲೆಕ್ಕ ತಪ್ಪುತ್ತದೆ.

ಪ್ರತಿ ವರ್ಷ ಮಾಡುವ ಕೆಲಸವಾದ್ದರಿಂದ ಕ್ಲಿಪ್ಪಿನ ಬದಲು ಉಂಗುರದ ಕೊನೆ ಇರುವ ಕೇಬಲ್ಲನ್ನು ಖಾಯಂ ಹಾಕಿಸಿಕೊಳ್ಳಿ. ಹೆಚ್ಚಿನ ಚಾರ್ಜರುಗಳ ಜೊತೆಯಲ್ಲೇ ಅದು ಬರುತ್ತದೆ. ಒಂದು ಸಲ ಬೋಲ್ಟಿಗೆ ಸೇರಿಸಿದರೆ ಆಮೇಲೆ ಸಾಕೆಟ್ ಚುಚ್ಚುವುದಷ್ಟೇ ಕೆಲಸ, ಬಾನೆಟ್ ಕೂಡ ಮುಚ್ಚಬಹುದು. ಅದರಲ್ಲಿ ಫ್ಯೂಸ್ ಇರಲೇಬೇಕು. ಬಾನೆಟ್ಟಿನ ಅಂಚಿಗೆ ಕೇಬಲ್ ಸಿಕ್ಕಿ ಜಜ್ಜದ ಹಾಗೆ ನೋಡಿಕೊಳ್ಳಿ. ಚಾರ್ಜರನ್ನು ಬ್ಯಾಟರಿಯ ತಲೆಯ ಮೇಲೆ ಇಡಬೇಡಿ, ನೆಲದ ಮೇಲೋ ಸ್ಟೂಲಿನ ಮೇಲೋ ಗಾಳಿ ಆಡುವ ಕಡೆ ಇರಲಿ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಹಾಕುವ ವೈರೂ ಸಿಗುತ್ತದೆ. ಬಹಳ ಕಾರುಗಳಲ್ಲಿ ಕೀ ತೆಗೆದ ಮೇಲೆ ಆ ಸಾಕೆಟ್ ಸತ್ತಿರುತ್ತದೆ. ಚಾರ್ಜರ್ ದೀಪ ಹೊತ್ತಿಕೊಂಡೇ ಇರುತ್ತದೆ, ಬ್ಯಾಟರಿಗೆ ಮಾತ್ರ ಏನೂ ಹೋಗುತ್ತಿರುವುದಿಲ್ಲ.

ಶೆಡ್ಡಿನಲ್ಲಿ ಸ್ವಲ್ಪ ಗಾಳಿ ಆಡಲಿ. ಗಾಳಿಯಲ್ಲಿ ಹೈಡ್ರೋಜನ್ 4 ಶೇಕಡಾ ದಾಟಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಫ್ಲೋಟ್‌ನಲ್ಲಿ ಅಷ್ಟು ಅನಿಲ ಬರುವುದಿಲ್ಲ, ಆದರೂ ಪೂರ್ತಿ ಮುಚ್ಚಿದ ಪೆಟ್ಟಿಗೆಯಂಥ ಜಾಗ ಬೇಡ.

ಹಾಕಿದ ದಿನವೇ ಇನ್ನೊಂದು ಪರೀಕ್ಷೆ ಮಾಡಿ. ಚಾರ್ಜರ್ ಫ್ಲೋಟಿಗೆ ಬಂದ ಮೇಲೆ ಗೋಡೆಯ ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ತಾನಾಗಿಯೇ ಶುರುವಾಯಿತೇ? ಕೆಲವು ಚಾರ್ಜರುಗಳು ಕರೆಂಟ್ ಹೋಗಿ ಬಂದ ಮೇಲೆ ಯಾರಾದರೂ ಬಂದು ಬಟನ್ ಒತ್ತಲಿ ಅಂತ ಸುಮ್ಮನೆ ಕೂರುತ್ತವೆ. ನಡುರಾತ್ರಿ ಒಮ್ಮೆ ಕರೆಂಟ್ ಹೋದರೆ ಮುಗಿಯಿತು, ಉಳಿದ ಮೂರು ತಿಂಗಳು ನಿಮ್ಮ ಬ್ಯಾಟರಿ ಅನಾಥ. ಅಷ್ಟೇ ಅಲ್ಲ, ಕೆಲವು ಚಾರ್ಜರುಗಳು ಕರೆಂಟ್ ಇಲ್ಲದಾಗ ಬ್ಯಾಟರಿಯಿಂದಲೇ ಒಂದಿಷ್ಟು ಎಳೆಯುತ್ತವೆ. ನಿಮ್ಮದು ತಾನಾಗಿ ಶುರುವಾಗದ ಜಾತಿಯಾದರೆ ಎರಡು ದಾರಿ. ಬೇರೆ ಚಾರ್ಜರ್ ನೋಡಿ, ಇಲ್ಲವೇ ಎರಡು ದಿನಕ್ಕೊಮ್ಮೆ ಹೋಗಿ ದೀಪ ನೋಡಿ. ತಾನಾಗಿ ಶುರುವಾಗುವುದಾದರೆ ಎರಡು ವಾರಕ್ಕೊಮ್ಮೆ ಇಣುಕಿದರೆ ಸಾಕು. ಹೋದಾಗ ಬ್ಯಾಟರಿಯ ಪಕ್ಕಕ್ಕೆ ಅಂಗೈ ಇಟ್ಟು ನೋಡಿ, ಸುತ್ತಲಿನ ಲೋಹದಷ್ಟೇ ತಣ್ಣಗಿರಬೇಕು. ಬೆಚ್ಚಗಿದ್ದರೆ ಆ ಕ್ಷಣವೇ ಪ್ಲಗ್ ಕೀಳಿ.

ಇನ್ನು ಬಿಚ್ಚಿ ಒಳಗೆ ಇಡುವ ವಿಚಾರ. ಶೆಡ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಬಿಚ್ಚುವ ಅಗತ್ಯವಿಲ್ಲ, ಕಾರಿನಲ್ಲೇ ಇರಲಿ. ಪಾಯಿಂಟ್ ಇಲ್ಲದವರಿಗೆ ಬಿಚ್ಚುವುದೇ ಸರಿಯಾದ ದಾರಿ. ಬಿಚ್ಚಿದ ಬ್ಯಾಟರಿಗೆ ಕಾರಿನ ಆ 40 ಮಿಲಿಆಂಪಿಯರ್ ಕಾಟ ಇಲ್ಲ. ತನ್ನಷ್ಟಕ್ಕೆ ಖಾಲಿಯಾಗುವುದು 20 ಡಿಗ್ರಿಯ ಆಸುಪಾಸಿನಲ್ಲಿ ತಿಂಗಳಿಗೆ 3ರಿಂದ 5 ಶೇಕಡಾ, ತಂಪಿನಲ್ಲಿ ಇನ್ನೂ ಕಡಿಮೆ. ಆದ್ದರಿಂದ ಬೆಚ್ಚಗಿನ ಕೋಣೆಗಿಂತ ತಂಪಾದ ಒಣ ಮೂಲೆಯೇ ವಾಸಿ. ತಿಂಗಳಿಗೊಮ್ಮೆ ಅಳೆದು, 12.5ಕ್ಕೆ ಇಳಿದರೆ ಒಂದು ರಾತ್ರಿ ಚಾರ್ಜ್ ಮಾಡಿ. ಕಾಂಕ್ರೀಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿಯುತ್ತದೆ ಅನ್ನುವ ಮಾತು ಹಳೇ ರಬ್ಬರ್ ಡಬ್ಬಗಳ ಕಾಲದ್ದು. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಅದು ಅನ್ವಯಿಸುವುದಿಲ್ಲ.

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರ್ ಜಾರಿ ಬಾಡಿಗೆ ತಗುಲಿದರೂ ಶಾರ್ಟ್ ಆಗುವುದಿಲ್ಲ. ಹೊಸ ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದರೆ ಗಡಿಯಾರ, ಕಿಟಕಿಗಳ ಸೆಟ್ಟಿಂಗ್, ಕೆಲವೊಮ್ಮೆ ರೇಡಿಯೋ ಕೋಡ್ ಹೋಗುತ್ತದೆ, ಮೊದಲೇ ಮ್ಯಾನ್ಯುಯಲ್ ನೋಡಿಕೊಳ್ಳಿ. ಬ್ಯಾಟರಿ ಡಿಕ್ಕಿಯಲ್ಲಿದ್ದು, ಡಿಕ್ಕಿಯ ಬೀಗ ಕರೆಂಟಿನದಾಗಿದ್ದರೆ ಇನ್ನೂ ಎಚ್ಚರ. ಕೇಬಲ್ ಬಿಚ್ಚಿ ಡಿಕ್ಕಿ ಮುಚ್ಚಿದರೆ ಮತ್ತೆ ತೆರೆಯುವುದು ದೊಡ್ಡ ಪಾಡು. ಅಂಥ ಕಾರುಗಳಲ್ಲಿ ಬಾನೆಟ್ಟಿನ ಕೆಳಗೆ ಚಾರ್ಜ್ ಮಾಡಲೆಂದೇ ಬೇರೆ ಟರ್ಮಿನಲ್ ಕೊಟ್ಟಿರುತ್ತಾರೆ, ಅದನ್ನೇ ಬಳಸಿ.

ಚಾರ್ಜರ್ ಹಾಕಿದ ಮೇಲೆ ಒಂದು ಚೀಟಿ ಬರೆದು ಸ್ಟೀರಿಂಗಿಗೆ ಅಂಟಿಸಿ, "ಚಾರ್ಜರ್ ಹಾಕಿದೆ" ಅಂತ. ಮನೆಯಲ್ಲಿ ಬೇರೆಯವರು ಯಾರಾದರೂ ಅವಸರದಲ್ಲಿ ಕಾರು ಹೊರಗೆ ತೆಗೆದರೆ ಕೇಬಲ್ ಕಿತ್ತು, ಗೋಡೆಯ ಸಾಕೆಟ್ಟೂ ಕೈಗೆ ಬರುತ್ತದೆ.

ಚಳಿಗಾಲ ಮುಗಿದು ಕಾರು ಹೊರಡಿಸುವ ದಿನ ಗೋಡೆಯ ಪ್ಲಗ್ ತೆಗೆದು, ಕ್ಲಿಪ್ ಬಿಚ್ಚಿ, ಮೂರು ನಾಲ್ಕು ಗಂಟೆ ಬಿಟ್ಟು ವೋಲ್ಟೇಜ್ ನೋಡಿ. 12.6 ಇದ್ದರೆ ಚೆನ್ನ. ಆಮೇಲೆ ಮೀಟರಿನ ಕಡ್ಡಿಗಳನ್ನು ಟರ್ಮಿನಲ್ಲಿಗೆ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಎಂಜಿನ್ ತಿರುಗುವ ಆ ಎರಡು ಮೂರು ಸೆಕೆಂಡಿನಲ್ಲಿ ಅಂಕಿ 10ರ ಮೇಲೆ ನಿಂತರೆ ನಿಮ್ಮ ಬ್ಯಾಟರಿ ಚಳಿಗಾಲವನ್ನು ಚೆನ್ನಾಗಿ ದಾಟಿದೆ. ಹದವಾದ ಹವೆಯಲ್ಲೂ 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಶಕ್ತಿ ಕುಂದಿದೆ, ಜಾಸ್ತಿ ಕರೆಂಟ್ ಎಳೆದು ನೋಡುವ ಲೋಡ್ ಟೆಸ್ಟ್ ಮಾಡಿಸಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ತೋರಿಸಿದರೆ ಸಾಧಾರಣವಾಗಿ ಆಲ್ಟರ್ನೇಟರ್ ಕೂಡ ಸರಿಯಿದೆ ಅಂತ ಅರ್ಥ. ಹಾಗೇ ಮೀಟರ್ ತೆಗೆದಿಟ್ಟು ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿಕೊಂಡು ಬನ್ನಿ.